ಮನೆಗೋ, ಸಭೆಗೋ?

ನಮ್ಮಮ್ಮ ನನ್ನ ಬಗ್ಗೆ ನೆಂಟರ ಮುಂದೆಲ್ಲ ಹೇಳುತ್ತಿದ್ದ ಮಾತು ಒಂದೇ: "ಇವಳಿಗೆ ಕೋಪ ಮೂಗಿನ ತುದೀಲೇ ಇರುತ್ತೆ, ಬುದ್ಧಿ ಮಾತ್ರ ಮಾರನೇ ದಿನ ಬರುತ್ತೆ." ಅಮ್ಮ ಹೇಳಿದ್ದು ಸುಳ್ಳಲ್ಲ. ಬುದ್ಧಿ ಬಂದ ಮೇಲೆ ಕೂತು ಅಳುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ. ಆದರೆ ಗುಬ್ಬಿಯಲ್ಲಿ ಒಂದು ಮಧ್ಯಾಹ್ನ ನಾನು ಆಡಿದ ಒಂದು ಮಾತಿಗೆ ಅತ್ತು ಮುಗಿಸಲು ಇವತ್ತಿಗೂ ಆಗಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನನಗೆ ಇಪ್ಪತ್ತನಾಲ್ಕು. ಮನೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ, ಕೆಲಸ ಗುಬ್ಬಿಯ ಹೆಣ್ಣುಮಕ್ಕಳ ಶಾಲೆಯಲ್ಲಿ. ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಬಂದು ಸಾಕಾಗಿ, ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ಮುದುಕಿಯನ್ನು ಓಣಿಯವರೆಲ್ಲ ನಾನಿ ಎನ್ನುತ್ತಿದ್ದರು. ಅವರ ಮನೆಮಾತಾದ ಉರ್ದುವಿನಲ್ಲಿ ನಾನಿ ಎಂದರೆ ತಾಯಿಯ ತಾಯಿ. ಮಕ್ಕಳೇ ಇಲ್ಲದ ಅವರು ಅದು ಹೇಗೋ ಓಣಿಗೆಲ್ಲ ಅಜ್ಜಿಯಾಗಿಬಿಟ್ಟಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಶ್ಯಾವಿಗೆ ಹೊಸೆದು ಮಾರಿ ಜೀವನ, ಮಾತು ಮಾತ್ರ ಹದಿನಾರರ ಹುಡುಗಿಯದು.

ನಾನು ಹೋದ ಮೊದಲನೇ ದಿನವೇ ಗೋಡೆಯಾಚೆಯಿಂದ ಕೇಳಿದ್ದರು: "ಏನ್ಲೇ ಹುಡುಗೀ, ಬಂದ್ ಗಳಿಗೆಯಿಂದ ಪಾತ್ರೆ ಕುಕ್ತಾ ಇದೀಯ. ಯಾರ್ ಮೇಲೆ ಸಿಟ್ಟು?" ಓನರ್ ಮೇಲೆ ಎಂದೆ. "ಅವನು ತಿಪಟೂರಿನಾಗೆ ಇದಾನೆ ಕಣೇ, ಅಲ್ಲಿಗಂಟ ಕೇಳಲ್ಲ. ಬಾ, ಟೀ ಕುಡಿ," ಎಂದರು. ಅಲ್ಲಿಂದ ಶುರುವಾಯಿತು. ಶಾಲೆ ಬಿಟ್ಟರೆ ಸೀದಾ ಅವರ ಮನೆ. ನನ್ನ ಕೋಣೆಗೆ ಮಲಗಲು ಮಾತ್ರ ಹೋಗುತ್ತಿದ್ದೆ. ನಲವತ್ತೈದು ವರ್ಷದ ಅಂತರ ಇಬ್ಬರಿಗೂ ಮರೆತೇ ಹೋಗಿತ್ತು. ಜಗಳ ಆಡಿದರೂ ಸಮಸಮಕ್ಕೆ ಆಡುತ್ತಿದ್ದೆವು. ನಾನು ಎರಡು ದಿನ ಮಾತು ಬಿಟ್ಟರೆ ಅವರು ಮೂರು ದಿನ ಬಿಡುತ್ತಿದ್ದರು.

ನಾನಿಯ ನಡುಮನೆಯ ಅರ್ಧ ಜಾಗವನ್ನು ಒಂದು ದೇಗು ನುಂಗಿಕೊಂಡಿತ್ತು. ದೇಗು ಎಂದರೆ ಮದುವೆ ಬಿರಿಯಾನಿ ಬೇಯಿಸುವ ತಾಮ್ರದ ದೊಡ್ಡ ಪಾತ್ರೆ. ಎತ್ತಲು ಇಬ್ಬರು ಗಂಡಸರು ಬೇಕು. ನಾನಿಯ ಗಂಡ ನಲವತ್ತು ವರ್ಷ ಬಾವರ್ಚಿಯಾಗಿ, ಅಂದರೆ ಮದುವೆ ಮನೆಗಳ ಅಡುಗೆಯವರಾಗಿ, ಗುಬ್ಬಿಯಿಂದ ತುಮಕೂರಿನವರೆಗೆ ಆ ದೇಗಿನಲ್ಲಿ ಬೇಯಿಸಿ ಬಡಿಸಿದ್ದರು. ಅವರು ತೀರಿಕೊಂಡ ಮೇಲೂ ಊರಿನಲ್ಲಿ ಯಾರ ಮನೆಯ ಮದುವೆಯಾದರೂ ದೇಗಿಗೆ ನಾನಿಯ ಬಾಗಿಲಿಗೇ ಬರಬೇಕು. ಸಾಬರ ಮದುವೆಯಷ್ಟೇ ಅಲ್ಲ, ಸುತ್ತಲ ಹಳ್ಳಿಯ ಗೌಡರ ಮನೆಗಳ ಬೀಗರೂಟಕ್ಕೂ ಅದೇ ದೇಗು. ನಾನಿ ಒಂದು ಪೈಸೆ ಬಾಡಿಗೆ ಮುಟ್ಟುತ್ತಿರಲಿಲ್ಲ. ಯಾಕೆ ನಾನಿ, ನಾಲ್ಕು ಕಾಸು ಆಗುತ್ತಲ್ಲ ಎಂದರೆ, "ಬಾಡಿಗೆ ತಗೊಂಡ್ರೆ ಅಂಗಡಿ ಆಗ್ತದೆ ಕಣೇ. ತಗೊಳ್ದೇ ಇದ್ರೆ ಮನೆ ಆಗ್ತದೆ," ಎನ್ನುತ್ತಿದ್ದರು.

ಆದರೆ ಷರತ್ತುಗಳಿದ್ದವು. ಆಳನ್ನು ಕಳಿಸಿದರೆ ದೇಗು ಸಿಗುವುದಿಲ್ಲ, ಮನೆಯ ದೊಡ್ಡವರೇ ಬರಬೇಕು. ಬಂದವರು ಕೂರಬೇಕು, ಟೀ ಕುಡಿಯಬೇಕು, ಗಂಡು ಯಾರು, ಹೆಣ್ಣು ಯಾರು, ಎಷ್ಟು ಜನ ಎಂದು ಹೇಳಬೇಕು. ಎಷ್ಟು ಜನಕ್ಕೆ ಎಷ್ಟು ಅಕ್ಕಿ, ಎಷ್ಟು ಉಪ್ಪು ಎಂದು ನಾನಿ ಹೇಳಿದ್ದನ್ನು ಕೇಳಬೇಕು. ದೇಗು ವಾಪಸ್ ತರುವಾಗ ಬರಿದಾಗಿ ತರಬಾರದು, ತಳದಲ್ಲಿ ಒಂದು ಬಟ್ಟಲು ಅನ್ನವೋ ಒಂದು ಅಚ್ಚು ಬೆಲ್ಲವೋ ಇರಬೇಕು. ಹೀಗಾಗಿ ಮದುವೆ ತಿಂಗಳುಗಳಲ್ಲಿ ನಾನಿಯ ಬಾಗಿಲಲ್ಲಿ ಯಾವಾಗಲೂ ಚಪ್ಪಲಿಗಳ ರಾಶಿ. ಬಂದವರು ಬಿಟ್ಟುಹೋದ ಲಗ್ನಪತ್ರಿಕೆಗಳನ್ನು ನಾನಿಗೆ ಓದಿ ಹೇಳುವುದು ನನ್ನ ಕೆಲಸ. "ನಿನ್ ಮದ್ವೆಗೂ ಈ ದೇಗು ಕೊಡ್ತೀನಿ, ಗಂಡು ಮಾತ್ರ ನೀನೇ ತಗೊಂಬಾ," ಎಂದು ನಗುವರು. ನಾನಿಗೆ ಮಗ ಇದ್ದಿದ್ದರೂ ಇಷ್ಟು ಜನರನ್ನು ಅವನು ಮನೆಗೆ ತರುತ್ತಿರಲಿಲ್ಲವೇನೋ.

ಇನ್ನು ನಮ್ಮ ಶಾಲೆಯ ಕಥೆ. ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಅರ್ಧ ಹುಡುಗಿಯರು ಶಾಲೆ ಬಿಡುತ್ತಿದ್ದರು. ಶಾಲೆಯಲ್ಲಿ ಕಕ್ಕಸು ಇರಲಿಲ್ಲ, ಅದೇ ಕಾರಣ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಅರ್ಜಿ ಬರೆದು ಬರೆದು ನಮ್ಮ ಹೆಡ್‌ಮಿಸ್ಸಿನ ಪೆನ್ನಿನ ನಿಬ್ಬು ಸವೆಯಿತು. ಕೊನೆಗೆ ಅವರು, "ಸರ್ಕಾರ ಕಟ್ಟೋ ಹೊತ್ತಿಗೆ ಈ ಹುಡುಗೀರೆಲ್ಲ ಅಜ್ಜೀರಾಗಿರ್ತಾರೆ. ನಾವೇ ಸವಾಲ್ ಇಡೋಣ," ಎಂದರು. ಊರವರಿಂದ ಸಾಮಾನು ದಾನ ಪಡೆದು, ಅದನ್ನು ಊರವರ ಮುಂದೆಯೇ ಹರಾಜು ಹಾಕುವುದೇ ಸಹಾಯಾರ್ಥ ಸವಾಲು.

ಈ ಸವಾಲಿಗೆ ನಮ್ಮ ಕಡೆ ಒಂದು ಪದ್ಧತಿ ಇತ್ತು. ಮೂರನೇ ಸಾರಿ ಎಂದು ಕೂಗಿ ಸಾಮಾನು ಒಬ್ಬರಿಗೆ ನಿಂತ ಮೇಲೆ ಕೂಗುವವರು ಅವರನ್ನು ಕೇಳುತ್ತಾರೆ: "ಮನೆಗೋ, ಸಭೆಗೋ?" ಮನೆಗೆ ಎಂದರೆ ದುಡ್ಡು ಕೊಟ್ಟು ಸಾಮಾನು ಮನೆಗೆ ಒಯ್ಯುತ್ತೇವೆ ಎಂದು. ಸಭೆಗೆ ಎಂದರೆ ದುಡ್ಡೂ ಕೊಡುತ್ತೇವೆ, ಸಾಮಾನನ್ನೂ ಸಭೆಗೇ ಬಿಡುತ್ತೇವೆ, ಇನ್ನೊಮ್ಮೆ ಕೂಗಿಕೊಳ್ಳಿ ಎಂದು. ಸಭೆಗೆ ಎಂದವರಿಗೆ ಚಪ್ಪಾಳೆ. ಒಂದೇ ನಿಂಬೆಹಣ್ಣು ಏಳು ಸಲ ಮಾರಾಟವಾಗಿ ಮತ್ತೆ ಮೇಜಿಗೇ ಬಂದು ಕೂತದ್ದನ್ನು ನಾನೇ ನೋಡಿದ್ದೇನೆ. ಮನೆಗೆ ಎನ್ನುವುದು ತಪ್ಪೇನಲ್ಲ, ಆದರೆ ಹಾಗೆಂದವರ ಕಡೆ ಜನ ಒಂದು ಥರಾ ನೋಡುತ್ತಿದ್ದರು. ಇನ್ನೊಂದು ಮಾತು: ಪ್ರತಿ ಸಲ ಕೂಗುವಾಗಲೂ ದಾನ ಕೊಟ್ಟವರ ಹೆಸರನ್ನು, ತಂದೆಯ ಹೆಸರಿನ ಸಮೇತ, ಮೈಕಿನಲ್ಲಿ ಹೇಳುತ್ತಿದ್ದರು.

ಆ ಹೆಸರಿನ ವಿಷಯವೇ ನಾನಿಯ ತಲೆಗೆ ಹೊಕ್ಕಿತು. ಒಂದು ಸಂಜೆ ಶ್ಯಾವಿಗೆ ಹೊಸೆಯುತ್ತ, "ನಾನೂ ಒಂದು ಸಾಮಾನು ಕೊಡ್ತೀನಿ," ಎಂದರು. ಏನು ಎಂದೆ. ಗಲ್ಲ ಎತ್ತಿ ದೇಗಿನ ಕಡೆ ತೋರಿಸಿದರು.

"ತಲೆ ಕೆಟ್ಟಿದೆಯಾ ನಿಮಗೆ?" ಎಂದು ಕೂಗಿದೆ.

"ಕೂಗ್ಬೇಡ, ಕೇಳು. ಈ ಊರಿಗೆಲ್ಲ ಉಣ್ಸಿದ್ರು ಅವ್ರು. ಒಬ್ಬನಿಗಾದ್ರೂ ಹೆಸ್ರು ಗೊತ್ತಾ? ನಿಂಗೆ ಗೊತ್ತಾ? ಬಾವರ್ಚಿ ಅಂತಾರೆ, ಅಡಿಗೆ ಸಾಬಿ ಅಂತಾರೆ. ಸತ್ತಾಗ ಕೂಡ ಅಡಿಗೆ ಸಾಬಿ ಸತ್ತ ಅಂದ್ರು. ಒಂದ್ ಸಲ, ಒಂದೇ ಸಲ, ಆ ಹೆಸ್ರು ಮೈಕಿನಾಗೆ ಕೇಳ್ಬೇಕು ನಾನು."

ಆಮೇಲೆ ದನಿ ತಗ್ಗಿಸಿ ಉಪಾಯ ಹೇಳಿದರು. ಗಂಡನ ಹೆಸರಿನಲ್ಲಿ ದೇಗು ದಾನ ಕೊಡುವುದು ಅವರು. ಸವಾಲು ಕೂಗಿ ತಗೊಳ್ಳುವುದು ನಾನು. "ಮನೆಗೆ ಅನ್ನು. ಅಷ್ಟೇ. ದಾನನೂ ಆಯ್ತು, ಹೆಸ್ರೂ ಕೂಗ್ದಂಗಾಯ್ತು, ದೇಗೂ ಮನೆಗೆ ಬಂತು." ಶ್ಯಾವಿಗೆಯ ದುಡ್ಡು ಕರವಸ್ತ್ರದ ಗಂಟಿನಲ್ಲಿತ್ತು. ಕೈಗಡಿಯಾರಕ್ಕೆಂದು ನಾನು ಎತ್ತಿಟ್ಟದ್ದನ್ನು ಅದಕ್ಕೆ ಸೇರಿಸಿದೆ. ಒಟ್ಟು ಮುನ್ನೂರು ರೂಪಾಯಿ. ಹಳೇ ದೇಗಿಗೆ ಅದಕ್ಕಿಂತ ಮೇಲೆ ಯಾರೂ ಹೋಗಲಾರರು ಎಂದು ನಾನಿಯ ಲೆಕ್ಕ.

ಅವರಿಗೆ ನನ್ನ ಮೇಲೆ ನಂಬಿಕೆ ಇತ್ತು, ನನ್ನ ಬಾಯಿಯ ಮೇಲೆ ಇರಲಿಲ್ಲ. ಅದಕ್ಕೇ ದಿನಾ ಅಭ್ಯಾಸ ಮಾಡಿಸಿದರು. ಸೌಟನ್ನು ಮೈಕಿನಂತೆ ಹಿಡಿದು, ಗಂಡುದನಿಯಲ್ಲಿ, "ಮನೆಗೋ, ಸಭೆಗೋ?" ಎನ್ನುವರು. ನಾನು "ಮನೆಗೆ" ಎನ್ನಬೇಕು. "ಜೋರಾಗಿ!" ಎನ್ನುವರು. "ಮನೆಗೆ!" "ನಾಚ್ಕೆ ಯಾಕೆ? ಎದ್ ನಿಂತ್ಕೊಂಡ್ ಹೇಳು!" ನಾನು ಎದ್ದು ನಿಂತು ಓಣಿಗೆಲ್ಲ ಕೇಳುವಂತೆ ಕೂಗುವೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವೆವು.

ಸವಾಲಿಗೆ ದೇಗು ಮಂಕಾಗಿ ಕಾಣಬಾರದು ಎಂದು, ಅದನ್ನು ಬಸ್ಸಿನ ಟಾಪಿಗೆ ಹಾಕಿಸಿಕೊಂಡು ತುಮಕೂರಿಗೆ ಒಯ್ದು ಕಲಾಯಿ ಮಾಡಿಸಿದೆವು. ಕಲಾಯಿಯವನು ನಾಲ್ಕು ಗಂಟೆ ಬೇಕು ಎಂದ. ನಾಲ್ಕು ಗಂಟೆ ಸುಮ್ಮನೆ ಕೂರುವ ಜನವೇ ನಾವು? ಮ್ಯಾಟಿನಿಗೆ ಹೋದೆವು. ನಾನಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ವಿಲನ್ ಬಂದಾಗಲೆಲ್ಲ ಶಾಪ ಹಾಕಿ, ಹೀರೋಯಿನ್ ಅತ್ತಾಗ ನನ್ನ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಹಿಂದಿನ ಸೀಟಿನವನು "ಅಜ್ಜೀ, ಸ್ವಲ್ಪ ಸುಮ್ನಿರಿ" ಎಂದಿದ್ದಕ್ಕೆ ನಾನು ಎದ್ದು ನಿಂತು ಜಗಳಕ್ಕೆ ಹೋದೆ. ನಾನಿ ಕೈ ಹಿಡಿದು ಎಳೆದು ಕೂರಿಸಿದರು. "ಎಲ್ಲದಕ್ಕೂ ಎದ್ ನಿಂತ್ಕೋತೀಯಲ್ಲೇ, ಪಿಚ್ಚರ್ ನೋಡು," ಎಂದರು. ಬರುವಾಗ ಬಸ್ಸಿನ ಮೇಲೆ ಫಳಫಳ ಹೊಳೆಯುವ ದೇಗು, ಒಳಗೆ ನಾವಿಬ್ಬರು, ಕೈಯಲ್ಲಿ ಕಡಲೆಕಾಯಿ ಪೊಟ್ಟಣ. ಆ ದಿನದಷ್ಟು ಖುಷಿಯಾಗಿ ನಾನು ಯಾವ ವಾರಗೆಯ ಗೆಳತಿಯ ಜೊತೆಗೂ ಇದ್ದದ್ದಿಲ್ಲ.

ಸವಾಲು ಭಾನುವಾರ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ನಡೆಯಿತು. ಒಂದು ಕಡೆ ಗಂಡಸರಿಗೆ ಬೆಂಚು, ಇನ್ನೊಂದು ಕಡೆ ಹೆಂಗಸರಿಗೆ ಜಮಖಾನ. ನಾನಿ ಪೆಟ್ಟಿಗೆಯ ತಳದಲ್ಲಿದ್ದ ಹಸಿರು ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಮುಂದಿನ ಸಾಲಿನಲ್ಲೇ ಕೂತರು. ಕೂಗಲು ಬಂದವರು ತಾಲ್ಲೂಕು ಕಚೇರಿಯಿಂದ ನಿವೃತ್ತರಾಗಿದ್ದ ಜವಾನರು. ಮೈಕೇ ಬೇಡದ ಗಂಟಲು. ಬಾಳೆಗೊನೆ ಹೋಯಿತು, ಹುಂಜ ಹೋಯಿತು, ಕೋರ ಎಂಬ ಊರಿನಿಂದ ಬಂದಿದ್ದ ತೆಂಗಿನ ಸಸಿಗಳು ಮೂರು ಮೂರು ಸಲ ಹೋಗಿ ಬಂದವು. ಆಮೇಲೆ ಇಬ್ಬರು ಗಂಡಸರು ದೇಗು ಹೊತ್ತು ತಂದು ಮೇಜಿನ ಮೇಲಿಟ್ಟರು. ಜವಾನರು ಚೀಟಿ ನೋಡಿ, ನಾನಿಯ ಗಂಡನ ಹೆಸರನ್ನು ತಂದೆಯ ಹೆಸರಿನ ಸಮೇತ ಮೈಕಿನಲ್ಲಿ ಹೇಳಿದರು. ನಾನು ನಾನಿಯ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು.

ನನ್ನ ಎದುರು ಸವಾಲಿಗೆ ನಿಂತದ್ದು ಊರಿನ ಒಬ್ಬ ತೆಂಗಿನಕಾಯಿ ಮಂಡಿ ಯಜಮಾನ. ಆತನಿಗೆ ನನ್ನ ಮೇಲೆ ಹಳೇ ಸಿಟ್ಟು. ದಾನ ಕೇಳಲು ಹೋದಾಗ ಒಂದೇ ಒಂದು ತೆಂಗಿನಕಾಯಿ ತೆಗೆದು ಕೊಟ್ಟಿದ್ದ. ನಾನು ಅಷ್ಟು ಜನರ ಮುಂದೆ, "ಮಂಡಿ ತುಂಬಾ ಕಾಯಿ ಇಟ್ಕೊಂಡು ಒಂದ್ ಕೊಡ್ತೀರಲ್ಲ, ಚೆನ್ನಾಗಿರಿ ಸ್ವಾಮೀ," ಎಂದು ಬಂದಿದ್ದೆ. ಈಗ ಆತ ಬೇಕೆಂದೇ ಏರಿಸಿದ. ಇನ್ನೂರ ಅರವತ್ತಕ್ಕೆ ಆತ ನಿಂತ. ನಾನು ಇನ್ನೂರ ಎಪ್ಪತ್ತು ಎಂದೆ. ಒಂದನೇ ಸಾರಿ, ಎರಡನೇ ಸಾರಿ, ಮೂರನೇ ಸಾರಿ. ದೇಗು ನನಗೇ ನಿಂತಿತು. ನನ್ನ ಎದೆ ಹಗುರಾಯಿತು.

"ಮೇಡಮ್ಮೋರೇ, ಮನೆಗೋ, ಸಭೆಗೋ?" ಎಂದರು ಜವಾನರು.

ನಾನು ಬಾಯಿ ತೆರೆಯುವ ಮೊದಲು ಮಂಡಿ ಯಜಮಾನ ಬೆಂಚಿನಿಂದಲೇ ಕೂಗಿದ: "ಕೇಳೋದೇನ್ ಬಂತು ಬುಡಿ, ಮನೆಗೇ! ನಮ್ಗೆ ದಾನ ಮಾಡಿ ದಾನ ಮಾಡಿ ಅಂತ ಬಾಗ್ಲು ಬಾಗ್ಲು ಸುತ್ತೋದು, ಕೊನೆಗೆ ಒಳ್ಳೇ ಸಾಮಾನು ತಾವು ಹೊತ್ಕೊಂಡ್ ಹೋಗೋದು. ಸಂಬಳದೋರು ಕಣಪ್ಪಾ!"

ಗಂಡಸರ ಕಡೆಯೆಲ್ಲ ಘೊಳ್ಳೆಂದು ನಕ್ಕರು. ಎದ್ದು ನಿಂತೆ. ಹೇಗೆ ಎದ್ದೆನೋ ನನಗೆ ಗೊತ್ತಿಲ್ಲ.

"ಸಭೆಗೆ!" ಎಂದೆ.

ಚಪ್ಪಾಳೆ ಬಿತ್ತು. ಸುಳ್ಳು ಯಾಕೆ ಹೇಳಲಿ, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಆ ಚಪ್ಪಾಳೆ ನನಗೆ ಬಹಳ ಹಿತವಾಗಿತ್ತು. ಮಂಡಿ ಯಜಮಾನನ ಮುಖ ಸಣ್ಣದಾದದ್ದನ್ನು ಕಣ್ತುಂಬ ನೋಡಿದೆ. ಆಮೇಲೆ ಮೇಜಿನ ಮೇಲೆ ದೇಗು ಕಂಡಿತು. ಜವಾನರು ಆಗಲೇ ಮತ್ತೆ ಕೂಗಲು ಶುರು ಮಾಡಿದ್ದರು. ಅಯ್ಯೋ ಶಿವನೇ, ಏನು ಮಾಡಿದೆ ನಾನು!

ಕೈಯಲ್ಲಿ ಉಳಿದದ್ದು ಮೂವತ್ತು ರೂಪಾಯಿ. ಹೆಡ್‌ಮಿಸ್ಸಿನ ಹತ್ತಿರ ಓಡಿದೆ. "ಮಿಸ್, ಬಾಯಿ ತಪ್ಪಿ ಬಂತು. ಮನೆಗೆ ಅಂತ ಬರ್ಕೊಳ್ಳಿ, ದಮ್ಮಯ್ಯ," ಎಂದೆ. ಅವರು ರಸೀದಿ ಪುಸ್ತಕದಿಂದ ತಲೆ ಎತ್ತದೆ, "ಇಡೀ ಊರು ಕೇಳಿದೆಯಲ್ಲಮ್ಮ. ಸಭೆಗೆ ಅಂದದ್ದನ್ನ ವಾಪಸ್ ತಗೊಂಡ್ರೆ ನಾಳೆ ಯಾರು ನಮ್ಮನ್ನ ನಂಬ್ತಾರೆ? ಸುಮ್ನಿರು, ನೀನು ಬಿಟ್ಟಿದ್ದಕ್ಕೇ ರೇಟು ಏರ್ತಾ ಇದೆ," ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕಕ್ಕಸಿನ ಗೋಡೆ ಏಳುತ್ತಿರುವುದು ಅವರ ಕಣ್ಣಿಗೆ ಕಾಣುತ್ತಿತ್ತು.

ಎರಡನೇ ಸಲ ಮಂಡಿ ಯಜಮಾನನೇ ತಗೊಂಡ. ಮೇಡಮ್ಮನಿಗಿಂತ ತಾನು ಕಡಿಮೆಯೇ? ಮೀಸೆ ತಿರುವಿ "ಸಭೆಗೆ" ಎಂದ. ಮೂರನೇ ಸಲ ಡಾಕ್ಟರು, ನಾಲ್ಕನೇ ಸಲ ಬಸ್ಸಿನ ಮಾಲೀಕರು. ಎಲ್ಲರೂ ಸಭೆಗೆ, ಸಭೆಗೆ. ಪ್ರತಿ ಸಲವೂ ಆ ಹೆಸರು ಮೈಕಿನಲ್ಲಿ ಮೊಳಗುತ್ತಿತ್ತು. ಯಾರಾದರೂ ಒಬ್ಬರು ಮನಸ್ಸು ಬದಲಿಸಿ ದೇಗನ್ನು ನಾನಿಯ ಮನೆಗೇ ಕಳಿಸಿ ಎಂದುಬಿಡಲಿ ದೇವರೇ ಎಂದು ನಾನು ಕಂಬ ಹಿಡಿದು ನಿಂತಿದ್ದೆ. ಐದನೇ ಸಲ ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ಒಬ್ಬ ಅಪರಿಚಿತನಿಗೆ ನಿಂತಿತು. ಮನೆಗೋ, ಸಭೆಗೋ ಎಂದರು.

"ಮನೆಗೆ," ಎಂದ ಆತ. ಒಂದಿಬ್ಬರು ನಕ್ಕರು. ಆತ ಅವರ ಕಡೆ ತಿರುಗಿ, "ಬೇಕಾಗೇ ಅಲ್ವಾ ಸ್ವಾಮಿ ತಗೊಂಡಿದ್ದು? ನಾಚ್ಕೆ ಯಾಕೆ?" ಎಂದ.

ಅಷ್ಟೇ ಮಾತು. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ನನ್ನ ಬಾಯಿಗೆ ಬಾರದ ಮಾತು ಅವನ ಬಾಯಿಗೆ ಸಲೀಸಾಗಿ ಬಂದಿತ್ತು. ನಾನು ನೋಡುತ್ತಿದ್ದಂತೆ ದೇಗು ಲಗೇಜ್ ಗಾಡಿ ಹತ್ತಿ ಹೋಯಿತು.

ನಾನಿಯ ಎದುರು ಹೋಗಲು ಕಾಲೇ ಬರಲಿಲ್ಲ. ಅವರೇ ಬಂದು ನನ್ನ ಕೈ ಹಿಡಿದುಕೊಂಡರು. ಓಣಿ ತನಕ ಕೈ ಬಿಡಲಿಲ್ಲ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ತಲೆ ತಗ್ಗಿಸಿ ನಡೆಯುತ್ತಿದ್ದೆ. ನಾನಿ ಹೇಳಿದರು: "ಐದ್ ಸಲ ಕಣೇ! ಒಂದ್ ಸಲ ಕೇಳ್ಬೇಕು ಅಂತಿದ್ದೆ, ಐದ್ ಸಲ ಕೂಗ್ಸಿದೆ ನೀನು. ಹೊಟ್ಟೇಲಿ ಹುಟ್ಟಿದ್ ಮಗಳೂ ಮಾಡ್ತಿರ್ಲಿಲ್ಲ. ಬೇಕಂತ್ಲೇ ಸಭೆಗೆ ಅಂದ್ಯಲ್ಲ, ದೊಡ್ಡ ಮನಸ್ಸು ನಿಂದು."

ಇಲ್ಲ ನಾನಿ, ಹಾಗಲ್ಲ ಎನ್ನಬೇಕಿತ್ತು. ಬಾಯಿ ಬಡುಕಿ ಎಂದು ಊರೆಲ್ಲ ಹೆಸರಾದವಳಿಗೆ ಆವತ್ತು ಬಾಯಿ ಬರಲಿಲ್ಲ. ಹೂಂ ಎಂದುಬಿಟ್ಟೆ.

ಎರಡು ತಿಂಗಳಿಗೆ ಮದುವೆಗಳು ಶುರುವಾದವು. ಶಾಮಿಯಾನದ ಅಂಗಡಿಯವರು ಅಲ್ಯೂಮಿನಿಯಂ ಪಾತ್ರೆಗಳನ್ನು ಬಾಡಿಗೆಗೆ ಇಟ್ಟರು. ಜನ ಅತ್ತ ಹೋದರು. ನಾನಿ ಮಾತ್ರ ವಾಡಿಕೆಯಂತೆ ಬೆಳಿಗ್ಗೆಯೇ ನಡುಮನೆ ಗುಡಿಸಿ, ಚಾಪೆ ಹಾಸಿ, ಟೀ ಪಾತ್ರೆ ಒಲೆಯ ಪಕ್ಕ ಇಟ್ಟುಕೊಂಡು ಬಾಗಿಲಲ್ಲಿ ಕೂರುತ್ತಿದ್ದರು. ಓಣಿಯಲ್ಲಿ ಹೋಗುವವರು "ಚೆನ್ನಾಗಿದೀರಾ ನಾನೀ?" ಎಂದು ನಡೆದುಕೊಂಡೇ ಕೇಳಿ ಹೋಗುತ್ತಿದ್ದರು. ಯಾರೂ ಚಪ್ಪಲಿ ಬಿಡಲಿಲ್ಲ. ಒಂದು ಲಗ್ನಪತ್ರಿಕೆ ಬರಲಿಲ್ಲ. ಊರಿನವರು ಕೆಟ್ಟವರೇನಲ್ಲ; ಬರಲು ಕೆಲಸವಿರಲಿಲ್ಲ, ಬರಲಿಲ್ಲ. ಇದನ್ನೆಲ್ಲ ನೋಡುತ್ತಾ ಪಕ್ಕದಲ್ಲೇ ಇರಬೇಕಾದ ನನ್ನ ಗತಿ ಯಾರಿಗೂ ಬೇಡ.

ಹೆಡ್‌ಮಿಸ್ಸಿನ ರಸೀದಿಯಲ್ಲಿ ದೇಗು ಒಯ್ದ ಮನುಷ್ಯನ ಊರು ಅಮೃತೂರು ಎಂದಿತ್ತು. ಸಂಬಳ ಬಂದ ಮೊದಲ ಭಾನುವಾರ ನಾನಿಗೆ ಹೇಳದೆ ಹೊರಟೆ. ಗುಬ್ಬಿಯಿಂದ ತುಮಕೂರು, ಅಲ್ಲಿಂದ ಕುಣಿಗಲ್, ಅಲ್ಲಿಂದ ಪ್ರೈವೇಟ್ ಬಸ್ಸಿನಲ್ಲಿ ಅಮೃತೂರು. ಎಷ್ಟು ಕೇಳಿದರೂ ಕೊಟ್ಟು ದೇಗು ತರುವುದು, ಸಂಬಳವೆಲ್ಲ ಹೋದರೂ ಸರಿ ಎಂದುಕೊಂಡಿದ್ದೆ. ತೆಂಗಿನ ತೋಟದ ಪಕ್ಕದ ಮನೆ. ಆತ ನನ್ನನ್ನು ಕಂಡ ಕೂಡಲೇ ಗುರುತು ಹಿಡಿದು, "ಅರೆರೆ, ಸಭೆಗೆ ಅಂದಿದ್ ಮೇಡಮ್ಮೋರು! ಬನ್ನಿ ಬನ್ನಿ. ಬಿಸ್ಲಾಗ್ ಬಂದಿದೀರ, ಮೊದ್ಲು ಕಾಲ್ ತೊಳ್ಕೊಳಿ," ಎಂದು ಬಚ್ಚಲಿಗೆ ಕರೆದೊಯ್ದ.

ಬಚ್ಚಲ ಒಲೆಯ ಮೇಲೆ ದೇಗು ಇತ್ತು. ಮೇಲೆ ಎಂದರೆ ತಪ್ಪು, ಒಲೆಯ ಒಳಗಿತ್ತು. ಇಟ್ಟಿಗೆ ಕಟ್ಟಿ, ಸಿಮೆಂಟು ಮೆತ್ತಿ, ಕೊರಳಿನವರೆಗೆ ಹೂತು, ನೀರು ಕಾಯಿಸುವ ಹಂಡೆ ಮಾಡಿದ್ದರು. ನಾವು ಕಲಾಯಿ ಮಾಡಿಸಿದ ಒಳಮೈ ಮಾತ್ರ ಬಿಸಿನೀರಿನ ಕೆಳಗೆ ಹೊಳೆಯುತ್ತಿತ್ತು. ಆತ ಅದರಿಂದಲೇ ಒಂದು ಚೊಂಬು ಮೊಗೆದು ನನ್ನ ಕಾಲಿಗೆ ಸುರಿದ. "ಸೊಸೆ ಬಾಣಂತಿ. ದಿನಾ ಹಂಡೆ ಹಂಡೆ ನೀರ್ ಬೇಕು. ಇದ್ ಬಂದ್ಮೇಲೆ ಎಷ್ಟ್ ಅನುಕೂಲ ಆಯ್ತು ಅಂತೀರ!" ಎಂದ. ಒಳಗೆ ಮಗು ಅಳುತ್ತಿತ್ತು.

ನಾನು ವಿಷಯ ಹೇಳಿದೆ. ಆತ ನಿಜವಾಗಿ ನೊಂದುಕೊಂಡ. ತಲೆ ಕೆರೆದು, ಒಲೆಯ ಸುತ್ತ ಒಂದು ಸುತ್ತು ಬಂದು, "ಒಡ್ಸೋಣ ಅಂದ್ರೂ ಒಡ್ಸೋಣ ಮೇಡಮ್ಮೋರೇ. ಆದ್ರೆ ತಳ ಆಗ್ಲೇ ಬೆಂಕಿಗೆ ಸೀದೋಗಿದೆ, ಕಿತ್ರೆ ಸೀಳಬೋದು. ಅನ್ನ ಮಾಡೋಕ್ ಆಗಲ್ಲ," ಎಂದ. ಒಡೆಯಿರಿ ಎನ್ನಲೇ? ಬಾಣಂತಿಯ ನೀರಿನ ಒಲೆಯನ್ನು ಒಡೆಸಿ, ಸೀಳಿದ ದೇಗು ಹೊತ್ತುಕೊಂಡು ಯಾವ ಮುಖ ಇಟ್ಟುಕೊಂಡು ಗುಬ್ಬಿಗೆ ಹೋಗಲಿ? ಸಿಟ್ಟು ಮಾಡೋಣವೆಂದರೆ ಸಿಟ್ಟು ಮಾಡಲು ಅಲ್ಲಿ ಯಾರೂ ಇರಲಿಲ್ಲ. ಅವರು ಕೊಟ್ಟ ಎಳನೀರು ಕುಡಿದು, ಮಗುವಿನ ಕೈಯಲ್ಲಿ ಎರಡು ರೂಪಾಯಿ ಇಟ್ಟು ಬಂದೆ. ಬಸ್ಸಿನಲ್ಲಿ ಕುಣಿಗಲ್ ತನಕ ಅತ್ತೆ. ಕಂಡಕ್ಟರ್ ಟಿಕೆಟ್ ಕೂಡ ಕೇಳಲು ಹೆದರಿದ.

ಅಲ್ಲಿಂದ ನಾನು ನಾನಿಯ ಮನೆಗೆ ಹೋಗುವುದು ಕಡಿಮೆಯಾಯಿತು. ಹೋದಾಗಲೆಲ್ಲ ಅವರು ಓಣಿಯಲ್ಲಿ ಹೋಗುವವರಿಗೆ, ತರಕಾರಿಯವಳಿಗೆ, ನನ್ನನ್ನು ತೋರಿಸಿ, "ಐದ್ ಸಲ ಹೆಸ್ರು ಕೂಗ್ಸಿದ್ಳು ಇವ್ಳು," ಎನ್ನುವರು. ಬೈಗುಳವನ್ನಾದರೆ ತಡೆದುಕೊಳ್ಳುತ್ತಿದ್ದೆ, ಈ ಹೊಗಳಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. ಪರೀಕ್ಷೆ ಪೇಪರ್ ಇದೆ ನಾನಿ, ಮೀಟಿಂಗ್ ಇದೆ ನಾನಿ ಎಂದೆ. ಆಮೇಲೆ ಬಾಡಿಗೆ ಕಡಿಮೆಯಾಗುತ್ತದೆ ಎಂದು ಸುಳ್ಳು ಹೇಳಿ ಬೇರೆ ಬೀದಿಗೆ ಕೋಣೆ ಬದಲಿಸಿದೆ. ದಿನಾ ಹೋಗುತ್ತಿದ್ದವಳು ವಾರಕ್ಕೊಮ್ಮೆ ಹೋದೆ, ವಾರಕ್ಕೊಮ್ಮೆಯಿದ್ದದ್ದು ತಿಂಗಳಿಗೊಮ್ಮೆ ಆಯಿತು. ಅಷ್ಟರಲ್ಲಿ ಶಾಲೆಯ ಕಕ್ಕಸು ಕಟ್ಟಿ ಮುಗಿಯಿತು, ಹುಡುಗಿಯರು ಉಳಿದರು, ಎಂಬತ್ತರ ದಶಕ ಬಂತು. ನನಗೆ ಕುಣಿಗಲ್‌ಗೆ ವರ್ಗದ ಆರ್ಡರ್ ಬಂತು.

ಕುಣಿಗಲ್‌ಗೆ ಹೋಗಿ ಮನೆ ನೋಡಿ, ಅಡ್ವಾನ್ಸ್ ಕೊಟ್ಟು ಬಂದೆ. ಆಮೇಲೆ ನಾನಿಯ ಮನೆಗೆ ಹೋದೆ. ಇವತ್ತು ಹೇಳಿಬಿಡಬೇಕು, ಹೇಳದೆ ಊರು ಬಿಟ್ಟರೆ ಇನ್ನು ಹೇಳಲಾಗುವುದಿಲ್ಲ ಎಂದುಕೊಂಡೇ ಹೋದೆ. ನಾನಿಗೆ ಆಗ ಕಣ್ಣು ಮಂಜಾಗಿತ್ತು, ಶ್ಯಾವಿಗೆ ಹೊಸೆಯುವುದು ನಿಂತಿತ್ತು. ನಡುಮನೆಯಲ್ಲಿ ದೇಗು ಇದ್ದ ಜಾಗ ಹಾಗೇ ಖಾಲಿ ಇತ್ತು. ನಾನು ಕೂರುವ ಮೊದಲೇ ಒಂದೇ ಉಸಿರಿಗೆ ಹೇಳಿದೆ. ನಿಮಗೋಸ್ಕರ ಸಭೆಗೆ ಅನ್ನಲಿಲ್ಲ, ಆ ಮಂಡಿಯವನ ಮೇಲಿನ ಸಿಟ್ಟಿಗೆ ಅಂದೆ, ದೇಗು ಕಳೆದವಳು ನಾನು, ಅಮೃತೂರಿಗೂ ಹೋಗಿ ಬಂದೆ, ತರಲಾಗಲಿಲ್ಲ ಎಂದೆ.

ನಾನಿ, "ಗೊತ್ತು," ಎಂದರು.

"ಏನು ಗೊತ್ತು?"

"ಮುಂದಿನ ಸಾಲ್ನಾಗೇ ಕೂತಿದ್ನಲ್ಲೇ. ನೀನ್ ಎದ್ದಿದ್ ರಭಸ ನೋಡ್ದೆ. ದೇಗು ಹೋಯ್ತು ಅಂತ ಆಗ್ಲೇ ಅಂದ್ಕೊಂಡೆ."

"ಮತ್ತೆ ನನ್ನ ಬೈಯಲಿಲ್ಲ ಯಾಕೆ? ಹೊಗಳಿದಿರಿ ಯಾಕೆ?" ನನಗೆ ಆ ಹೊತ್ತಿನಲ್ಲೂ ಸಿಟ್ಟು ಬಂದಿತ್ತು, ನೋಡಿ.

"ಬೈದಿದ್ರೆ ನೀನ್ ಬರ್ತಿದ್ಯಾ? ಎರಡ್ ಮಾತಿಗೇ ಮಾತ್ ಬಿಡೋಳು ನೀನು. ದೇಗು ಹೋದ್ಮೇಲೆ ಜನ ಬರಲ್ಲ ಅಂತ ನಂಗೆ ಗೊತ್ತಾಯ್ತು ಕಣೇ. ನೀನೊಬ್ಳಾದ್ರೂ ಬರ್ತಾ ಇರ್ಲಿ ಅಂತ ಹೊಗಳ್ದೆ." ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಹೇಳಿದರು: "ಅದಕ್ಕೇ ನೀನೂ ಬರೋದು ಬಿಟ್ಟೆ."

ನಾನು ಅವರ ಪಾದದ ಹತ್ತಿರ ಕೂತೆ. ಇನ್ನು ದಿನಾ ಬರುತ್ತೇನೆ ಎನ್ನಬೇಕಿತ್ತು. ಬ್ಯಾಗಿನಲ್ಲಿ ಆರ್ಡರ್ ಇತ್ತು. ಇನ್ನೊಂದು ಸುಳ್ಳು ಹೇಳುವ ಧೈರ್ಯ ಇರಲಿಲ್ಲ.

"ನಾನೀ, ನಂಗೆ ಕುಣಿಗಲ್‌ಗೆ ಟ್ರಾನ್ಸ್‌ಫರ್ ಆಗಿದೆ. ಸೋಮವಾರ ಹೋಗ್ಬೇಕು."

ಅವರ ಕೈ ನನ್ನ ತಲೆಯ ಮೇಲಿತ್ತು. ತೆಗೆಯಲಿಲ್ಲ. ಮನೆ ಸಿಕ್ಕಿತಾ ಎಂದರು. ಸಿಕ್ಕಿತು ಎಂದೆ. ನೀರು ಬರುತ್ತದಾ ಎಂದರು. ಬರುತ್ತದೆ ಎಂದೆ. ಆಮೇಲೆ ಕೇಳಿದರು:

"ಅಲ್ಲಿ ಅಕ್ಕಪಕ್ಕ ಯಾರಾದ್ರೂ ಮುದ್ಕಿ ಇದಾಳಾ?"

ಕುಣಿಗಲ್ ಮನೆಯ ಒಡತಿಗೆ ಎಪ್ಪತ್ತು ದಾಟಿತ್ತು. ಅಡ್ವಾನ್ಸ್ ಕೊಡಲು ಹೋದಾಗ ಪಕ್ಕದಲ್ಲಿ ಕೂರಿಸಿಕೊಂಡು, ಕಾಫಿ ಕೊಟ್ಟು, ಒಬ್ಬಳೇ ಅಡುಗೆ ಮಾಡ್ಕೋಬೇಡ ಮಗಾ, ನನ್ನ ಜೊತೇಲೇ ಉಣ್ಣು ಎಂದಿದ್ದರು.

"ಇಲ್ಲ ನಾನೀ," ಎಂದೆ. "ಯಾರೂ ಇಲ್ಲ."